ಕೊಡದೇ ಕೊಟ್ಟ ರೇಷ್ಮೆ

ಪಖೊಕ್ಕು ಊರಿನ ಹೊಳೆದಂಡೆಯ ಕೇರಿಯಲ್ಲಿ ಚುಟ್ಟಾ ಸುತ್ತುವ ದೋ ಪ್ವಾ ಯಿನ್ ಅಂದರೆ ಯಾರಾದರೂ ಮನೆ ತೋರಿಸುತ್ತಿದ್ದರು. ಒಂಬತ್ತನೆಯ ವಯಸ್ಸಿಗೆ ತಾಯಿಯ ಪಕ್ಕ ಕೂತು ಎಲೆ ಒರೆಸುವುದಕ್ಕೆ ಶುರು ಮಾಡಿದವಳು, ಎಪ್ಪತ್ತೊಂದು ತುಂಬಿದರೂ ಮೊರವನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಎಡಗೈ ಎಲೆ ಬಿಡಿಸಿ ಹಿಡಿಯುತ್ತಿತ್ತು, ಬಲಗೈ ಹೊಗೆಸೊಪ್ಪಿನ ಪುಡಿ ಸುರಿದು ಸುತ್ತುತ್ತಿತ್ತು, ಬಾಯಿ ತನ್ನ ಪಾಡಿಗೆ ತಾನು ಮಾತಾಡುತ್ತಿತ್ತು. ಐವತ್ತು ಚುಟ್ಟಾ ಆದರೆ ಒಂದು ಕಟ್ಟು. ಕಟ್ಟಿಗೆ ಕೆಂಪು ದಾರ ಎರಡು ಸುತ್ತು, ಮೇಲೊಂದು ಚಪ್ಪಟೆ ಗಂಟು. ಆ ಗಂಟು ಅವಳ ತಾಯಿ ಕಲಿಸಿದ್ದು. ಕೇರಿಯಲ್ಲಿ ಇನ್ನು ಯಾರೂ ಹಾಗೆ ಹಾಕುತ್ತಿರಲಿಲ್ಲ.

ಕಾರ್ತಿಕದ ಹುಣ್ಣಿಮೆಗೆ ಅವಳು ಪಾಂತಗು ಇಡುತ್ತಿದ್ದಳು. ಆ ಹುಣ್ಣಿಮೆಗೆ ಬಹಳ ಜನ ಇಡುತ್ತಾರೆ. ಬೇಲಿಯ ಮೇಲೋ, ಮರದ ಬುಡದಲ್ಲೋ, ದಾರಿಹೋಕರಿಗೆಂದು ನೀರಿನ ಮಡಕೆ ಇಟ್ಟಿರುವ ಕಟ್ಟೆಯ ಮೇಲೋ ಒಂದು ಪೊಟ್ಟಣ ಇಟ್ಟು ಬರುವುದು. ಸೋಪು, ಬಾಚಣಿಗೆ, ಮೇಣದ ಬತ್ತಿ, ಕೈಲಾದದ್ದು. ಯಾರಿಗೆ ಮೊದಲು ಸಿಕ್ಕಿತೋ ಅವರದು. ಇಟ್ಟವರು ಯಾರೆಂದು ಎತ್ತಿಕೊಂಡವರಿಗೆ ತಿಳಿಯಬಾರದು, ಎತ್ತಿಕೊಂಡವರು ಯಾರೆಂದು ಇಟ್ಟವರು ನೋಡಬಾರದು. ಇಡುವಾಗ ಯಾರ ಮುಖವನ್ನೂ ಮನಸ್ಸಿಗೆ ತಂದುಕೊಳ್ಳಬಾರದು. ಇಷ್ಟೇ ನೇಮ. ಹೇಳುವುದಕ್ಕೆ ಸುಲಭ.

ಅವಳು ಮೊದಲ ಸಲ ಇಟ್ಟದ್ದು ಹದಿಮೂರನೆಯ ವಯಸ್ಸಿನಲ್ಲಿ, ಒಂದು ಬೆಂಕಿಪೊಟ್ಟಣ. ಅದರಲ್ಲಿ ಕಡ್ಡಿ ಅರ್ಧ ಮಾತ್ರ ಇದ್ದವು. ಉಳಿದರ್ಧ ತಾಯಿ ತೆಗೆದಿಟ್ಟುಕೊಂಡು, "ಸಿಕ್ಕವರು ಬೈಕೊಳ್ಳಲ್ಲ, ಇಟ್ಟವರು ಯಾರು ಅಂತ ಅವರಿಗೇನು ಗೊತ್ತು" ಅಂದಿದ್ದಳು. ಮದುವೆಯಾದ ಮೇಲೆ ಸೋಪಿಗೆ ಏರಿದಳು. ಗಂಡ ಊ ಲುನ್ ಪೇ ಕಡವಿನ ದೋಣಿಯಲ್ಲಿ ಹಗ್ಗ ಹಿಡಿಯುವವನು, ನಗಿಸುವ ಮನುಷ್ಯ. "ಮನೇಲಿ ಸೋಪಿಗೆ ಗತಿ ಇಲ್ಲ, ಬೀದಿಗೆ ಘಮಘಮ ಸೋಪು" ಅಂತ ರೇಗಿಸುತ್ತಿದ್ದ. ಒಂದು ವರ್ಷ ಅವನೇ ಬೆಳಗಿನ ದೋಣಿ ಮುಗಿಸಿ ಬರುತ್ತ, "ನೋಡೇ, ಹುಟ್ಟಿದ ಮೇಲೆ ಮೊದಲನೇ ಸಲ ನನಗೂ ಪಾಂತಗು ಸಿಕ್ತು" ಎಂದು ಹಲ್ಲು ಕಿರಿದು ಪೊಟ್ಟಣ ಬಿಚ್ಚಿದ. ಅವಳದೇ ಸೋಪು. ಅವಳು ತುಟಿ ಬಿಚ್ಚಲಿಲ್ಲ. ಆ ತಿಂಗಳು ಗಂಡ ಹೆಂಡತಿ ಇಬ್ಬರೂ ಅದರಲ್ಲೇ ಮಿಂದರು. ಅವನು ಸತ್ತು ಹತ್ತೊಂಬತ್ತು ವರ್ಷವಾಯಿತು. ಅದು ಯಾರ ಸೋಪು ಅಂತ ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಈ ಕತೆ ನಡೆದ ವರ್ಷ ಹುಣ್ಣಿಮೆಯ ಜೊತೆಗೆ ಇನ್ನೊಂದು ಕೆಲಸ ಕೂಡಿಬಂದಿತ್ತು. ಮೊನ್ಯುವಾದಲ್ಲಿದ್ದ ಮಗಳ ಮಗಳು ಯಮಿನ್‌ಗೆ ಮದುವೆ ಗೊತ್ತಾಗಿತ್ತು. ಹುಣ್ಣಿಮೆ ಕಳೆದು ಹತ್ತೊಂಬತ್ತನೆಯ ದಿನ ಲಗ್ನ. ದೋ ಪ್ವಾ ಯಿನ್ ಪೆಟ್ಟಿಗೆಯ ತಳದಲ್ಲಿ ಒಂದು ಅಚೇಯ್ ರೇಷ್ಮೆಯ ಲುಂಗಿ ಇತ್ತು, ಹೆಂಗಸರು ಮದುವೆಗೆ ಉಡುವಂಥದು. ಬದನೆಕಾಯಿ ಬಣ್ಣ, ಮೇಲೆ ಹೊಳೆಯ ನೀರು ಹರಿದ ಹಾಗೆ ಹಳದಿ ಹಸಿರಿನ ಅಲೆ. ಅತ್ತೆ ಅಮರಪುರದ ಮಗ್ಗದಿಂದ ತಂದುಕೊಟ್ಟದ್ದು. ಅದನ್ನು ಅವಳು ಉಟ್ಟದ್ದು ಒಂದೇ ಸಲ, ಮಗಳು ಉಟ್ಟದ್ದು ಒಂದೇ ಸಲ. ಸೊಂಟದ ಕರಿ ಪಟ್ಟಿ ಮಗಳ ಮದುವೆಯ ಹಿಂದಿನ ದಿನ ಬಿಚ್ಚಿಕೊಂಡಾಗ ಮನೆಯಲ್ಲಿ ಕರಿ ದಾರ ಸಿಗದೆ ಬಿಳಿ ದಾರದಲ್ಲೇ ಹೊಲಿದಿದ್ದಳು. ಈಗ ಯಮಿನ್ ಸರದಿ.

ಮೊನ್ಯುವಾ ಬಸ್ಸು ಬೆಳಕು ಹರಿಯುವ ಹೊತ್ತಿಗೆ ಅವಳ ಮನೆ ಮುಂದೆಯೇ ಹೋಗುತ್ತಿತ್ತು. ಕಂಡಕ್ಟರು ಪರಿಚಯದವನು, ಗಂಟು ಕೊಟ್ಟರೆ ಮಗಳ ಅಂಗಡಿಗೆ ಮುಟ್ಟಿಸುತ್ತಿದ್ದ. ಹುಣ್ಣಿಮೆಯ ಬೆಳಿಗ್ಗೆ ಅವಳು ರೇಷ್ಮೆಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಹೊಸ ಟವೆಲು ಸುತ್ತಿ, ಕೈಗೆ ಸಿಕ್ಕಿದ ಕೆಂಪು ದಾರದಲ್ಲಿ ಕಟ್ಟಿದಳು. ಪಾಂತಗುವಿಗೆ ಸೋಪು ಬಾಚಣಿಗೆಯ ಪೊಟ್ಟಣವೂ ಎಂದಿನಂತೆ ಅದೇ ದಾರ, ಅದೇ ಚಪ್ಪಟೆ ಗಂಟಿನಲ್ಲಿ ಕಟ್ಟಿ ಇಟ್ಟಿತ್ತು. ಎರಡನ್ನೂ ತಂದು ಬಾಗಿಲ ಮುಂದಿನ ಮಡಕೆ ಕಟ್ಟೆಯ ಮೇಲೆ ಇಟ್ಟಳು. ದೊಡ್ಡದು ಬಸ್ಸಿಗೆ, ಸಣ್ಣದು ದಾರಿಗೆ. ಅಷ್ಟರಲ್ಲಿ ಕಂಡಕ್ಟರಿಗೆ ಒಂದಿಷ್ಟು ಬೆಲ್ಲ ಕೊಡೋಣ ಅನ್ನಿಸಿ ಒಳಗೆ ಹೋದಳು. ಬೆಲ್ಲದ ಡಬ್ಬಿಗೆ ಇರುವೆ ಹತ್ತಿತ್ತು. ಒಂದೊಂದೇ ಇರುವೆ ಊದಿ ಊದಿ ಬೆಲ್ಲ ತೆಗೆದುಕೊಂಡು ಹೊರಗೆ ಬಂದರೆ ಕಟ್ಟೆಯ ಮೇಲೆ ಸಣ್ಣ ಪೊಟ್ಟಣ ಮಾತ್ರ ಇತ್ತು.

ಬಸ್ಸು ಬಂದು ಹೋಯಿತೇನೋ, ಕಂಡಕ್ಟರು ಕೂಗಲೂ ಇಲ್ಲವಲ್ಲ ಅಂದುಕೊಂಡಳು. ಬೆಲ್ಲ ತಾನೇ ಬಾಯಿಗೆ ಹಾಕಿಕೊಂಡಳು. ಅದು ಕರಗುವ ಮುಂಚೆ ಬಸ್ಸು ಹಾರನ್ ಹೊಡೆಯುತ್ತ ಬಂದು ನಿಂತಿತು.

"ಅಜ್ಜಿ, ಎಲ್ಲಿ ಗಂಟು?" ಕಂಡಕ್ಟರು ಕೇಳಿದ.

ಅವಳು ಬೆಲ್ಲವನ್ನು ಒಂದು ದವಡೆಗೆ ಸರಿಸಿ, "ಇವತ್ತಿಲ್ಲಪ್ಪ, ಇನ್ನೂ ಕಟ್ಟಿಲ್ಲ. ಹೋಗು" ಅಂದಳು.

ಎದುರು ಮನೆಯ ದೋ ಸಾನ್ ಮೀ ಆಗಲೇ ಬಾಗಿಲಲ್ಲಿ ಕೂತು ಕೆನ್ನೆಗೆ ತನಖಾ ಗಂಧ ತೇಯುತ್ತಿದ್ದಳು. ಅವಳನ್ನು ಕೇಳಬಹುದಿತ್ತು. ಆದರೆ ಏನಂತ ಕೇಳುವುದು? ಆ ಬೆಳಿಗ್ಗೆ ದಾರಿಯಲ್ಲಿ ಬಿದ್ದದ್ದೆಲ್ಲ ಎತ್ತಿಕೊಂಡವರದು. ಕಳ್ಳತನ ಅಂತ ಕೂಗಿದರೆ ಕೇರಿಯೇ ನಗುತ್ತದೆ. ತಾನೇ ಕೈಯಾರೆ ತಂದು, ಪಾಂತಗುವಿನ ಪಕ್ಕದಲ್ಲಿ, ಪಾಂತಗುವಿನ ದಾರದಲ್ಲೇ ಕಟ್ಟಿ ಇಟ್ಟದ್ದು. ಅವಳು ಒಳಗೆ ಹೋಗಿ ಮೊರ ಎತ್ತಿಕೊಂಡು ಕೂತಳು. ಆವತ್ತು ಮೊದಲನೆಯ ಕಟ್ಟಿನಲ್ಲಿ ನಲವತ್ತೇಳೇ ಚುಟ್ಟಾ ಇದ್ದವೆಂದು ಅಂಗಡಿಯವನು ಆಮೇಲೆ ಹೇಳಿದ.

ಮಧ್ಯಾಹ್ನ ಮಠದಲ್ಲಿ ಭಿಕ್ಷುಗಳಿಗೆ ಉಡುವ ಚೀವರ ಒಪ್ಪಿಸುವ ಮೆರವಣಿಗೆ. ಕೇರಿಯ ಹೆಂಗಸರೆಲ್ಲ ಇದ್ದದ್ದರಲ್ಲಿ ಒಳ್ಳೆಯದು ಉಟ್ಟು ಬಂದಿದ್ದರು. ಅವರ ನಡುವೆ, ಮಾಸಿದ ಹತ್ತಿ ಕುಪ್ಪಸದ ಕೆಳಗೆ ಬದನೆಕಾಯಿ ಬಣ್ಣದ ರೇಷ್ಮೆ ಉಟ್ಟುಕೊಂಡು, ಎಲ್ಲಿ ಮಣ್ಣು ತಾಗೀತೋ ಅಂತ ಎರಡು ಕೈಯಲ್ಲೂ ಎತ್ತಿ ಹಿಡಿದು ನಡೆಯುತ್ತ ಬಂದವಳು ಮ ಚೋ ನ್ವೆ. ಬೇಯಿಸಿದ ಬಟಾಣಿ ಕಾಳನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಬೆಳಿಗ್ಗೆ ಬೆಳಿಗ್ಗೆ ಮಾರುವವಳು. ಮಣ್ಣಿನ ಗುಡ್ಡದ ಆಚೆಯ ಗುಡಿಸಲುಗಳಿಂದ ಬರುತ್ತಿದ್ದಳು. ನಲವತ್ತರ ಹತ್ತಿರ, ಒಂಟಿ ಹೆಂಗಸು. ಎತ್ತಿ ಹಿಡಿದ ಕೈಗಳ ನಡುವೆ ಕರಿ ಪಟ್ಟಿಯ ಮೇಲೆ ಬಿಳಿ ಹೊಲಿಗೆ ಕಾಣುತ್ತಿತ್ತು.

"ಏನೇ ನ್ವೆ, ರಾಜಕುಮಾರನ್ನೇನಾದ್ರೂ ಕಟ್ಕೊಂಡ್ಯಾ?" ಯಾರೋ ಕೇಳಿದರು.

"ಪಾಂತಗು ಸಿಕ್ತು ಕಣ್ರೀ" ಅಂದಳು ಅವಳು. ಮುಖದ ತುಂಬ ನಾಚಿಕೆ. "ನಲವತ್ತು ವರ್ಷದಲ್ಲಿ ಒಂದು ಮೇಣದ ಬತ್ತಿನೂ ಸಿಕ್ಕಿರಲಿಲ್ಲ. ಇವತ್ತು ಇದು."

"ರೇಷ್ಮೆ ಯಾರು ಇಡ್ತಾರೆ ಪಾಂತಗು?"

"ನಂಗೇನು ಗೊತ್ತು. ಹೊಳೆದಂಡೆ ಬೀದೀಲಿ ಮಡಕೆ ಕಟ್ಟೆ ಮೇಲಿತ್ತು. ಕೆಂಪು ದಾರ ಕಟ್ಟಿತ್ತು."

ಹೆಂಗಸರೆಲ್ಲ ಒಟ್ಟಿಗೆ ತಿರುಗಿ ದೋ ಪ್ವಾ ಯಿನ್ ಕಡೆ ನೋಡಿದರು. ಆಗ ಅವಳಿಗೆ ತಿಳಿಯಿತು. ಹೆಸರಿಲ್ಲದೆ, ಗುಟ್ಟಾಗಿ, ತಿರುಗಿ ನೋಡದೆ ಅಷ್ಟು ವರ್ಷ ಇಟ್ಟು ಬಂದಿದ್ದಳಲ್ಲ, ಕೇರಿಗೆ ಕೇರಿಗೇ ಅದು ಯಾರದೆಂದು ಗೊತ್ತಿತ್ತು. ದಾರದ ಆ ಚಪ್ಪಟೆ ಗಂಟೇ ಹೇಳಿಬಿಡುತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಊ ಲುನ್ ಪೇ ಒಬ್ಬನಿಗೆ ಇರಬೇಕು.

ದೋ ಸಾನ್ ಮೀ ಹತ್ತಿರ ಸರಿದು ಮೊಣಕೈಯಲ್ಲಿ ತಿವಿದಳು. "ಅಕ್ಕ, ಅದು ನಿಮ್ಮ ಮದುವೆ ಅಚೇಯ್ ಅಲ್ವಾ? ನನಗೆ ನೆನಪಿದೆ. ಎಂಥಾ ಮನಸ್ಸು ಅಕ್ಕ ನಿಮ್ದು." ಆಮೇಲೆ ದೊಡ್ಡ ದನಿಯಲ್ಲಿ, ದಾನ ಕಂಡಾಗ ಎಲ್ಲರೂ ಮೆಚ್ಚಿ ಅನ್ನುವ ಹಾಗೆ, "ಸಾಧು, ಸಾಧು, ಸಾಧು" ಅಂದಳು. ಸುತ್ತಲಿನವರೂ ಕೈ ಜೋಡಿಸಿ ಸಾಧು ಅಂದರು. ಮ ಚೋ ನ್ವೆ ಎಲ್ಲರಿಗಿಂತ ಜೋರಾಗಿ ಅಂದಳು.

ದೋ ಪ್ವಾ ಯಿನ್ ಕೂಡ ಕೈ ಮುಗಿದಳು. ಮತ್ತೇನು ಮಾಡುವುದಕ್ಕಿತ್ತು? ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಆಮೇಲಿನ ನಾಲ್ಕು ದಿನ ಅವಳಿಗೆ ಮರ್ಯಾದೆಯೋ ಮರ್ಯಾದೆ. ಮೊಹಿಂಗಾ ಅಂಗಡಿಯವಳು ಮೀನುಸಾರು ಶಾವಿಗೆಯ ಬಟ್ಟಲಿಗೆ ಒಂದು ಮೊಟ್ಟೆ ಹೆಚ್ಚಿಗೆ ಹಾಕಿದಳು. ಎಲೆ ತಂದುಕೊಡುವವನು ಹರಿದ ಎಲೆ ಬೆರೆಸುವುದನ್ನು ಬಿಟ್ಟ. ದೋ ಸಾನ್ ಮೀ ತಂಗಡಿ ಮೊಗ್ಗಿನ ಪಲ್ಯ ಮಾಡಿ ತಂದುಕೊಟ್ಟಳು. ಆ ಹುಣ್ಣಿಮೆಗೆ ಎಲ್ಲರ ಮನೆಯಲ್ಲೂ ಅದೇ ಮಾಡುತ್ತಾರೆ, ಕಹಿ ಇರುತ್ತದೆ, ಮೈಗೆ ಒಳ್ಳೆಯದು ಅಂತ ತಿನ್ನುತ್ತಾರೆ. ಆ ಸಲ ಎಷ್ಟು ಕಹಿ ಇತ್ತೆಂದು ಅವಳು ಮುಂದೆಯೂ ನೆನೆಸಿಕೊಳ್ಳುತ್ತಿದ್ದಳು.

ಐದನೆಯ ದಿನ ಮಗಳ ಫೋನು ಬಂತು.

"ಅಮ್ಮ, ಗಂಟು ಬರಲೇ ಇಲ್ವಲ್ಲ."

"ಕಳಿಸ್ತೀನಿ."

"ತೊಂದ್ರೆ ಆದ್ರೆ ಬೇಡ ಬಿಡಮ್ಮ. ಈಗ ಬಾಡಿಗೆಗೆ ಸಿಗುತ್ತೆ, ಮಿಂಚು ಹಚ್ಚಿರೋದು, ಚೆನ್ನಾಗಿರುತ್ತೆ."

ಫೋನು ಕೈ ಬದಲಾಯಿತು. ಯಮಿನ್ ದನಿ. "ಅಜ್ಜಿ, ಬಾಡಿಗೆದು ನಂಗೆ ಬೇಡ. ನಿಮ್ದೇ ಬೇಕು. ಬಿಳಿ ಹೊಲಿಗೆ ಇರೋದು."

ದೋ ಪ್ವಾ ಯಿನ್ ಫೋನಿಟ್ಟು ಮಠಕ್ಕೆ ಹೋದಳು.

ಮಠದ ಹಿರಿಯ ಭಿಕ್ಷು, ಸಯಾಡೋ, ಜಗಲಿಯ ಮೇಲೆ ಕೂತು ಭಿಕ್ಷಾಪಾತ್ರೆಯ ಜೋಳಿಗೆಯ ಪಟ್ಟಿ ಹೊಲಿಯುತ್ತಿದ್ದರು. ಕಣ್ಣು ಸರಿಯಿಲ್ಲದೆ ಸೂಜಿಗೆ ದಾರ ಪೋಣಿಸುವುದು ಅವರಿಗೆ ದೊಡ್ಡ ತಪಸ್ಸಾಗಿತ್ತು. ಅವಳು ಅಡ್ಡಬಿದ್ದು, ಸ್ವಲ್ಪ ದೂರದಲ್ಲಿ ಕಾಲು ಮಡಿಸಿ ಕೂತಳು.

"ಸ್ವಾಮಿ, ಒಬ್ಬಳು ಕೊಡದೇ ಇದ್ದದ್ದನ್ನ ಇನ್ನೊಬ್ಬಳು ಕೊಟ್ಟದ್ದು ಅಂತ ತಿಳ್ಕೊಂಡು ತಗೊಂಡಿದ್ದಾಳೆ. ತಗೊಂಡೋಳಿಗೆ ಪಾಪ ಬರುತ್ತಾ?"

"ಕದಿಯೋ ಮನಸ್ಸಿತ್ತಾ ಅವಳಿಗೆ?"

"ಇಲ್ಲ."

"ಹಾಗಾದ್ರೆ ಇಲ್ಲ." ಅವರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿದರು.

"ಕಳಕೊಂಡೋಳು ಈಗ ಮನಸ್ಸಿನಲ್ಲೇ ಕೊಟ್ಟುಬಿಟ್ರೆ?"

"ಕೊಟ್ಟುಬಿಟ್ರೆ ಮುಗೀತು, ಅದೂ ದಾನವೇ. ಕೊಟ್ಟೆಯಾ ದಾಯಕಿ?"

"ನಾಲ್ಕು ದಿನದಿಂದ ದಿನಾ ಕೊಡ್ತೀನಿ ಸ್ವಾಮಿ. ಮಲಗೋವಾಗ ಕೊಟ್ಟಿರ್ತೀನಿ. ಎದ್ದು ಮುಖ ತೊಳೆಯೋ ಹೊತ್ತಿಗೆ ವಾಪಸ್ ತಗೊಂಡಿರ್ತೀನಿ."

ಸಯಾಡೋ ನಕ್ಕರು. ನಗುವಾಗ ಸೂಜಿ ಕೈಯಿಂದ ಜಾರಿತು. ಅವಳೇ ಹುಡುಕಿ, ದಾರ ಪೋಣಿಸಿ, ತಟ್ಟೆಯಲ್ಲಿಟ್ಟು ಅವರ ಕಡೆ ಸರಿಸಿದಳು.

"ಹಾಗಾದ್ರೆ ಅದು ಇನ್ನೂ ನಿಂದೇ. ಹೋಗಿ ಕೇಳು."

"ಊರು ಏನನ್ನುತ್ತೆ ಸ್ವಾಮಿ? ಎಲ್ಲರೂ ಸಾಧು ಅಂದಿದ್ದಾರೆ. ಪಾಂತಗು ಇಟ್ಟು ಹಿಂದಕ್ಕೆ ಕಿತ್ಕೊಂಡ್ಳು ಅಂತಾರೆ."

"ಆ ಹೆಂಗಸು ನೀನು ಕೊಡದೇ ಇದ್ದ ಬಟ್ಟೆ ತಗೊಂಡ್ಳು, ಅದೂ ತಿಳೀದೆ. ನೀನು ಮಾಡದೇ ಇದ್ದ ದಾನಕ್ಕೆ ಸಾಧು ತಗೊಂಡಿದ್ದೀಯ, ತಿಳಿದೂ ತಿಳಿದೂ. ಇಬ್ಬರಲ್ಲಿ ಮೊದಲು ವಾಪಸ್ ಕೊಡಬೇಕಾದೋರು ಯಾರು, ನೀನೇ ಹೇಳು."

ಅವಳು ಅಡ್ಡಬಿದ್ದು ಎದ್ದಳು. ಮನೆಗೆ ಬಂದು ಮೊರ ಎತ್ತಿಕೊಂಡಳು. ಆ ದಿನ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಬೆಳಿಗ್ಗೆ ಮ ಚೋ ನ್ವೆ ಬಾಗಿಲ ಮುಂದೆಯೇ ಕಾಳು ಕೂಗಿಕೊಂಡು ಹೋದಾಗ ಕಿಟಕಿಯ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದಳು. ಬೀದಿಯಲ್ಲಿ ಕೇಳಿದರೆ ಆ ಹೆಂಗಸಿನ ಮಾನ ಹೋಗುತ್ತದೆ ಅಂತ ತನಗೆ ತಾನೇ ಹೇಳಿಕೊಂಡಳು. ಅದು ನಿಜವೂ ಹೌದು, ನೆಪವೂ ಹೌದು. ಮೂರನೆಯ ದಿನ ಬೇರೆ ನೆಪ ಸಿಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಮಣ್ಣಿನ ಗುಡ್ಡ ದಾಟಿದಳು.

ಗುಡಿಸಲು ಬಿದಿರಿನದು. ಒಂದು ಮೂಲೆಯಲ್ಲಿ ನೆನೆಹಾಕಿದ ಬಟಾಣಿಯ ಹಂಡೆ, ಇನ್ನೊಂದು ಮೂಲೆಯಲ್ಲಿ ಬುದ್ಧನ ಪಟ. ಪಟದ ಕೆಳಗಿನ ಗೂಟಕ್ಕೆ ಪ್ಲಾಸ್ಟಿಕ್ ಚೀಲ ತೂಗುಹಾಕಿತ್ತು.

"ದೊಡ್ಡಮ್ಮ!" ಮ ಚೋ ನ್ವೆ ಗಡಬಡಿಸಿ ಚಾಪೆ ಹಾಸಿದಳು. "ನಾನೇ ಬರಬೇಕು ಅಂತಿದ್ದೆ. ಇಟ್ಟೋರನ್ನ ಹುಡುಕ್ಕೊಂಡು ಹೋಗಿ ಕೈಮುಗಿಯೋ ಹಾಗಿಲ್ಲ ಅಂತಾರಲ್ಲ, ಅದಕ್ಕೇ ಸುಮ್ಮನಿದ್ದೆ. ಕಾಳು ತಿಂತೀರಾ? ಎಣ್ಣೆ ಈರುಳ್ಳಿ ಹಾಕಿ ಕೊಡ್ತೀನಿ."

"ಬೇಡ. ಮೊದಲು ಕೂತ್ಕೋ."

ಅವಳು ಕೂತಳು. ದೋ ಪ್ವಾ ಯಿನ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಎಲ್ಲೋ ಹೋಗಿದ್ದವು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸ್ಸು, ಮೊಮ್ಮಗಳು, ಬೆಲ್ಲದ ಡಬ್ಬಿ, ಇರುವೆ. "ನಾನು ಅದನ್ನ ಪಾಂತಗು ಅಂತ ಇಟ್ಟಿರಲಿಲ್ಲ ಕಣೇ. ಮರೆತು ಬಿಟ್ಟೂ ಇರಲಿಲ್ಲ. ಸಣ್ಣದು ಮಾತ್ರ ಪಾಂತಗು. ಆವತ್ತೇ ಹೇಳಬೇಕಾಗಿತ್ತು. ಎಲ್ಲರೂ ಸಾಧು ಅಂದುಬಿಟ್ರು, ಬಾಯಿ ಬರಲಿಲ್ಲ."

ಮ ಚೋ ನ್ವೆ ಎದ್ದು ಗೂಟದಿಂದ ಚೀಲ ತೆಗೆದಳು. ರೇಷ್ಮೆ ಒಗೆದು ನೆರಳಲ್ಲಿ ಒಣಗಿಸಿ, ಮಡಿಕೆ ಬೀಳದ ಹಾಗೆ ಬಿದಿರಿನ ಕಡ್ಡಿಗೆ ಸುತ್ತಿ ಇಟ್ಟಿತ್ತು.

"ಒಂದು ಸಲ ಮಾತ್ರ ಉಟ್ಟಿದ್ದು" ಅಂದಳು. "ನಮ್ಮಂಥೋರಿಗೆ ಯಾರು ಅಚೇಯ್ ಇಡ್ತಾರೆ ಅಂತ ಅವತ್ತೇ ಅನ್ನಿಸ್ತು ದೊಡ್ಡಮ್ಮ. ಆದ್ರೂ ಅನ್ನಿಸಿದ್ದನ್ನ ಒಳಗೇ ಅದುಮಿಟ್ಟೆ. ಒಂದು ದಿನಕ್ಕಾದ್ರೂ ಇರಲಿ ಅಂತ."

"ಸಣ್ಣದನ್ನ ಯಾಕೆ ಬಿಟ್ಟೆ?"

"ದೊಡ್ಡದು ಸಿಕ್ಕಮೇಲೆ ಸಣ್ಣದಕ್ಕೂ ಕೈ ಹಾಕಿದ್ರೆ ಮನುಷ್ಯಳಾ ನಾನು? ಹಿಂದೆ ಬರೋರಿಗೆ ಬೇಡ್ವಾ?"

ದೋ ಪ್ವಾ ಯಿನ್ ಚೀಲ ತೊಡೆಯ ಮೇಲಿಟ್ಟುಕೊಂಡಳು. ಬದಲಿಗೆ ಏನಾದರೂ ಕೊಡಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಕೊಟ್ಟರೆ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ ಅನ್ನಿಸಿ ಸುಮ್ಮನಾದಳು.

"ಮದುವೆ ಯಾವತ್ತು?" ಮ ಚೋ ನ್ವೆ ಕೇಳಿದಳು.

"ಇನ್ನು ಹನ್ನೆರಡು ದಿನ."

"ಹಾಗಾದ್ರೆ ನಾಳೆಯೇ ಕಳಿಸಿ. ಈ ಸಲ ಕೈಗೇ ಕೊಡಿ, ಕಟ್ಟೆ ಮೇಲೆ ಇಡಬೇಡಿ. ನಾನು ಅದೇ ದಾರೀಲಿ ಬರ್ತೀನಿ." ಇಷ್ಟು ಹೇಳಿ ನಕ್ಕಳು. ಪೂರ್ತಿ ನಗು ಅಲ್ಲ, ಆದರೂ ನಕ್ಕಳು. ಆಮೇಲೆ ಬೇಡವೆಂದರೂ ಕೇಳದೆ ಕಾಳಿಗೆ ಎಣ್ಣೆ ಈರುಳ್ಳಿ ಹಾಕಿ ಕೊಟ್ಟಳು. ದೋ ಪ್ವಾ ಯಿನ್ ತಟ್ಟೆ ಖಾಲಿ ಮಾಡಿಯೇ ಎದ್ದಳು.

ರೇಷ್ಮೆ ಮೊನ್ಯುವಾ ಮುಟ್ಟಿತು. ಯಮಿನ್ ಅದನ್ನುಟ್ಟು ಮದುವೆಯಾದಳು. ಬಂದವರು ಚೆನ್ನಾಗಿದೆ ಅಂದರು. ಗಂಡಿನ ಕಡೆಯವಳೊಬ್ಬಳು ಬಣ್ಣ ಸ್ವಲ್ಪ ಹಳೇಕಾಲದ್ದು ಅಂದಳಂತೆ. ದೋ ಪ್ವಾ ಯಿನ್ ಮದುವೆ ಮುಗಿಸಿಕೊಂಡು ಕೇರಿಗೆ ಹಿಂದಿರುಗಿದ ದಿನವೇ ಮಡಕೆ ಕಟ್ಟೆಯ ಹತ್ತಿರ ಹೆಂಗಸರು ಸೇರಿದ್ದಾಗ ಎಲ್ಲವನ್ನೂ ತಾನೇ ಬಾಯಿಬಿಟ್ಟು ಹೇಳಿದಳು. ಅದು ದಾನವಲ್ಲ, ನನ್ನ ತಪ್ಪು, ಅವಳ ಹತ್ತಿರ ವಾಪಸ್ ಇಸಕೊಂಡೆ ಅಂತ. ಯಾರೂ ಏನೂ ಅನ್ನಲಿಲ್ಲ. ಅವಳು ಒಳಗೆ ಹೋದ ಮೇಲೆ ಅಂದರು. ಮೊಹಿಂಗಾದ ಬಟ್ಟಲಿನಲ್ಲಿ ಮೊಟ್ಟೆ ಮತ್ತೆ ಒಂದೇ ಆಯಿತು. ಎಲೆಯವನು ಹರಿದ ಎಲೆ ಬೆರೆಸತೊಡಗಿದ.

ಮುಂದಿನ ಹುಣ್ಣಿಮೆಗೆ ಅವಳು ಎಂದಿನಂತೆ ಪೊಟ್ಟಣ ಇಟ್ಟಳು. ಈ ಸಲ ಮೂರು. ಬಿಸಿಲೇರುವವರೆಗೂ ಮೂರೂ ಇಟ್ಟಲ್ಲೇ ಇದ್ದವು. ಜನ ನೋಡುತ್ತಿದ್ದರು, ನಿಲ್ಲುತ್ತಿದ್ದರು, ಮುಂದೆ ಹೋಗುತ್ತಿದ್ದರು. ಒಂದನ್ನು ನಾಯಿ ಮೂಸಿತು. ಎದುರು ಮನೆಯಿಂದ ದೋ ಸಾನ್ ಮೀ ಕೂಗಿದಳು, "ಅಕ್ಕ, ಇದು ಕೊಟ್ಟದ್ದಾ, ಬಸ್ಸಿಗೆ ಇಟ್ಟದ್ದಾ? ಹೇಳಿಬಿಡಿ, ಜನಕ್ಕೆ ಭಯ." ಬೀದಿಯವರು ನಕ್ಕರು. ದೋ ಪ್ವಾ ಯಿನ್ ಕೂಡ ನಕ್ಕಳು. ಆದರೆ ಒಳಗೆ ಬಂದು, ಈ ಕೇರಿಯಲ್ಲಿ ಇನ್ನು ತನ್ನ ಕೈಯಿಂದ ಪಾಂತಗು ಇಡುವುದು ಮುಗಿಯಿತು ಅಂದುಕೊಂಡಳು. ಯಾರದೆಂದು ಗೊತ್ತಿರುವ ಪೊಟ್ಟಣ ಪಾಂತಗು ಅಲ್ಲ. ಅದು ಹಿಂದೆಯೂ ಆಗಿರಲಿಲ್ಲ. ಅಷ್ಟು ವರ್ಷವೂ ಅವಳು ಕೊಟ್ಟದ್ದೆಲ್ಲ ಹೆಸರು ಹೇಳಿಯೇ ಕೊಟ್ಟ ಹಾಗೆ ಆಗಿತ್ತು. ಈ ಲೆಕ್ಕ ಅವಳಿಗೆ ರೇಷ್ಮೆ ಕಳೆದದ್ದಕ್ಕಿಂತ ಹೆಚ್ಚು ಚುಚ್ಚಿತು.

ಹತ್ತು ಗಂಟೆಗೆ ಮ ಚೋ ನ್ವೆ ಖಾಲಿ ಬುಟ್ಟಿ ಹೊತ್ತು ಹಿಂದಿರುಗುತ್ತಿದ್ದವಳು ಕಟ್ಟೆಯ ಹತ್ತಿರ ನಿಂತಳು.

"ಇನ್ನೂ ಇಲ್ಲೇ ಇವೆಯಲ್ಲ ದೊಡ್ಡಮ್ಮ."

"ಯಾರಿಗೂ ಬೇಡ. ನೀನು ತಗೋ."

"ನಾನು ತಗೊಂಡ್ರೆ ಮತ್ತೆ ಊರೆಲ್ಲ ಮಾತಾಗುತ್ತೆ. ಒಂದು ಸಲ ಆಗಿದ್ದು ಸಾಕು." ಅವಳು ಬುಟ್ಟಿ ಇಳಿಸಿ ಯೋಚಿಸಿದಳು. "ಕೊಡಿ ಇಲ್ಲಿ. ನಾನು ಕಡವಿನ ಆಚೆಗೂ ಹೋಗ್ತೀನಿ, ಇಟ್ಟಿಗೆ ಭಟ್ಟಿ ಕಡೆಗೂ ಹೋಗ್ತೀನಿ, ಬಸ್ ಸ್ಟ್ಯಾಂಡಿಗೂ ಹೋಗ್ತೀನಿ. ಕಾಳು ಮಾರೋಳ ಬುಟ್ಟೀಲಿ ಏನಿದೆ ಅಂತ ಯಾರು ನೋಡ್ತಾರೆ?"

ದೋ ಪ್ವಾ ಯಿನ್ ಅವಳ ಮುಖ ನೋಡಿದಳು. ಮೂರು ಪೊಟ್ಟಣಗಳನ್ನೂ ಎತ್ತಿ ಬುಟ್ಟಿಗೆ ಹಾಕಿದಳು. ಮ ಚೋ ನ್ವೆ ಮೇಲೊಂದು ಬಾಳೆ ಎಲೆ ಮುಚ್ಚಿ, ಬಂದ ದಾರಿಯಲ್ಲೇ ತಿರುಗಿ ನಡೆದಳು. ಮಧ್ಯಾಹ್ನದ ಊಟದ ಹೊತ್ತಿಗೆ ಖಾಲಿ ಬುಟ್ಟಿಯೊಂದಿಗೆ ವಾಪಸ್ ಬಂದಳು.

"ಎಲ್ಲಿಟ್ಟೆ?"

"ಅದನ್ನ ಕೇಳಬಾರದು."

"ಯಾರಾದ್ರೂ ತಗೊಂಡ್ರಾ, ಅಷ್ಟಾದ್ರೂ ಹೇಳು."

"ನಾನೂ ತಿರುಗಿ ನೋಡಲಿಲ್ಲ ದೊಡ್ಡಮ್ಮ. ಕುಡಿಯೋಕೆ ನೀರು ಕೊಡಿ, ಬಿಸಿಲಲ್ಲಿ ನಡೆದು ಗಂಟಲು ಒಣಗಿದೆ."

ದೋ ಪ್ವಾ ಯಿನ್ ಒಳಗೆ ಹೋಗಿ ಒಂದು ಬಟ್ಟಲು ನೀರು, ಒಂದು ಉಂಡೆ ಬೆಲ್ಲ ತಂದುಕೊಟ್ಟಳು. ಇಬ್ಬರೂ ಜಗಲಿಯ ಮೇಲೆ ಕೂತರು. ಮುಂದಿನ ವರ್ಷಕ್ಕೆ ಸೋಪಿನ ಬದಲು ಚಳಿಗೆ ಕಾಲುಚೀಲ ಕೊಂಡರೆ ಹೇಗೆ ಅಂತ ಮಾತಾಯಿತು. ಭಟ್ಟಿಯಲ್ಲಿ ಕೆಲಸ ಮಾಡುವ ಹೆಂಗಸರ ಕಾಲು ಬಿರುಕು ಬಿಟ್ಟಿರುತ್ತವೆ ಅಂದಳು ಮ ಚೋ ನ್ವೆ. ಅಂದ ತಕ್ಷಣ, ಯಾರ ಮುಖವೂ ಮನಸ್ಸಿಗೆ ಬರಬಾರದಲ್ಲ ಅಂತ ನಾಲಿಗೆ ಕಚ್ಚಿಕೊಂಡಳು.